ಗಾಮಾ ಸರ್ವೆ ಯಂತ್ರದ ಸೆನ್ಸರ್ ಹೊಂದಿಸುವುದು ಹೇಗೆ?

ಚಿತ್ರದುರ್ಗದ ಬಂಡೆಗಳಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಎಷ್ಟೆಷ್ಟಿವೆ ಎಂದು ಅಳೆಯಲು ಗಾಮಾ ಕಿರಣದ ಸರ್ವೆ ಯಂತ್ರ ಹಿಡಿದು ಬರುವ ವಿದ್ಯಾರ್ಥಿಗಳ ಜೊತೆ ನಾನು ಹಲವು ವರ್ಷ ಓಡಾಡಿದ್ದೇನೆ. ಅವರಲ್ಲಿ ಹೆಚ್ಚಿನವರು ಜೀಪಿನಿಂದ ಇಳಿದ ಕೂಡಲೇ ಯಂತ್ರವನ್ನು ಕಲ್ಲಿನ ಮೇಲಿಟ್ಟು, ಗುಂಡಿ ಒತ್ತಿ, ಪರದೆಯಲ್ಲಿ ಮೂಡಿದ್ದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ಜೋಗಿಮಟ್ಟಿಯ ಕಡೆ ಹೋಗಿದ್ದ ತಂಡವೊಂದು, ಇಡೀ ದಿನದ ಅಳತೆಯಲ್ಲಿ ಪೊಟ್ಯಾಸಿಯಂ ಮತ್ತು ಯುರೇನಿಯಂ ಕುಸಿದಿವೆ, ಥೋರಿಯಂ ಮಾತ್ರ ಹಾಗೆಯೇ ಉಳಿದಿದೆ ಎಂದು ಉತ್ಸಾಹದಿಂದ ವರದಿ ತಂದಿತ್ತು. ಕುಸಿದಿದ್ದು ಕಲ್ಲಿನೊಳಗಿನ ಯುರೇನಿಯಂ ಆಗಿರಲಿಲ್ಲ. ಗಾಜು ಮುಚ್ಚಿದ ಜೀಪಿನಲ್ಲಿ ಕಾದುಹೋದ ಯಂತ್ರದ ಗೇನ್, ಅಂದರೆ ಸಂಕೇತವನ್ನು ದೊಡ್ಡದು ಮಾಡುವ ಬಲ, ಕುಸಿದಿತ್ತು.

ಹೀಗೇಕೆ ಆಗುತ್ತದೆ ಎಂಬುದು ತಿಳಿದರೆ ಮುಂದಿನ ಕೆಲಸ ಸುಲಭ. ಯಂತ್ರದ ಸೆನ್ಸರ್ ಒಳಗೆ ಸೋಡಿಯಂ ಅಯೋಡೈಡ್‌ನ ಹರಳೊಂದು ಇರುತ್ತದೆ. ಗಾಮಾ ಕಿರಣ ಬಡಿದಾಗ ಅದು ಕ್ಷಣ ಮಾತ್ರ ಬೆಳಗುತ್ತದೆ. ಆ ಬೆಳಕನ್ನು ಫೋಟೊಮಲ್ಟಿಪ್ಲೈಯರ್ ನಳಿಗೆ ವಿದ್ಯುತ್ ಮಿಡಿತವಾಗಿ ಬದಲಿಸುತ್ತದೆ. ಮಿಡಿತ ದೊಡ್ಡದಾದಷ್ಟೂ ಕಿರಣದ ಶಕ್ತಿ ಹೆಚ್ಚು. ಪೊಟ್ಯಾಸಿಯಂ-40ರ ಕಿರಣ 1461 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಕೆಇವಿ. ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಸರಣಿಯ ಬಿಸ್ಮತ್-214ರದು 1764, ಥೋರಿಯಂ ಸರಣಿಯ ಥ್ಯಾಲಿಯಂ-208ರದು 2614. ಯಂತ್ರವು ಈ ಮೂರನ್ನೂ ಬೇರೆ ಬೇರೆ ವಿಂಡೊಗಳಲ್ಲಿ, ಅಂದರೆ ಗೊತ್ತುಮಾಡಿದ ಶಕ್ತಿಯ ಗಡಿಗಳೊಳಗೆ, ಎಣಿಸುತ್ತದೆ: 1370ರಿಂದ 1570, 1660ರಿಂದ 1860, 2410ರಿಂದ 2810. ಬಿಸಿಯಾದಾಗ ಹರಳಿನ ಬೆಳಕೂ ನಳಿಗೆಯ ಬಲವೂ ಬದಲಾಗುತ್ತವೆ, ವಿಂಡೊಗಳು ಮಾತ್ರ ಇದ್ದಲ್ಲೇ ಇರುತ್ತವೆ. ಆ ದಿನ ಪೊಟ್ಯಾಸಿಯಂ ಶಿಖರ, ಅಂದರೆ ಅದರ ಎಣಿಕೆ ಅತಿ ಹೆಚ್ಚಾಗಿ ಗುಂಪುಗೂಡುವ ಜಾಗ, 1461ರ ಬದಲು 1380ರ ಬಳಿ ಇಳಿದು ಕುಳಿತಿತ್ತು, ಅದರ ಮೂರನೇ ಒಂದಕ್ಕೂ ಹೆಚ್ಚು ಭಾಗ ವಿಂಡೊದಿಂದ ಆಚೆ ಬಿದ್ದಿತ್ತು. ಯುರೇನಿಯಂನ ಪಾಡೂ ಅದೇ. ಥೋರಿಯಂನ ವಿಂಡೊ ಅಗಲವಾದ್ದರಿಂದ ಅದರ ಶಿಖರ ಜಾರಿದರೂ ಬಹುಪಾಲು ಒಳಗೇ ಉಳಿದಿತ್ತು.

ಮೊದಲನೆಯ ಕೆಲಸ, ಯಂತ್ರವನ್ನು ಅಳತೆಯ ಜಾಗದ ನೆರಳಿನಲ್ಲಿ ಅರ್ಧ ಗಂಟೆ ಚಾಲೂ ಮಾಡಿ ಬಿಡುವುದು. ಏಸಿ ಕಾರಿನಿಂದ ತೆಗೆದು ಕಾದ ಬಂಡೆಯ ಮೇಲೆ ನೇರವಾಗಿ ಇಡಬಾರದು, ಹಠಾತ್ ಬಿಸಿಗೆ ಹರಳು ಬಿರುಕು ಬಿಡಬಹುದು. ಬಿರುಕು ಬಿಟ್ಟ ಹರಳಿಗೆ ರಿಪೇರಿ ಎಂಬುದಿಲ್ಲ.

ಎರಡನೆಯದು, ಚಾನೆಲ್‌ಗಳ ಆಯ್ಕೆ. ಯಂತ್ರವು ಶಕ್ತಿಯ ಅಳತೆಪಟ್ಟಿಯನ್ನು ಹಂಚುವ ಸಣ್ಣ ಸಣ್ಣ ಮನೆಗಳೇ ಚಾನೆಲ್. 1024 ಚಾನೆಲ್ ಇಟ್ಟುಕೊಂಡು, ಒಂದು ಚಾನೆಲ್‌ಗೆ 3 ಕೆಇವಿಯಂತೆ ಲೆಕ್ಕ ಹಿಡಿಯಿರಿ. ಆಗ ಪೊಟ್ಯಾಸಿಯಂ 487ನೇ ಚಾನೆಲ್‌ನಲ್ಲಿ, ಥೋರಿಯಂ 871ನೇ ಚಾನೆಲ್‌ನಲ್ಲಿ ಬರಬೇಕು. ಈ ಎರಡು ಅಂಕಿಗಳನ್ನು ಯಂತ್ರದ ಹಿಡಿಕೆಯ ಮೇಲೆ ಚೀಟಿ ಅಂಟಿಸಿ ಬರೆದಿಡಿ.

ಮೂರನೆಯದು ಗೇನ್ ಮತ್ತು ಝೀರೊ (ಅಳತೆಪಟ್ಟಿ ಎಲ್ಲಿಂದ ಶುರುವಾಗುತ್ತದೆ ಎಂಬುದು) ಹೊಂದಿಸುವುದು. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಆಗಿದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ಇದಕ್ಕೆ ಬೇಕಾದ ಎರಡು ವಸ್ತುಗಳು ಪೇಟೆಯಲ್ಲೇ ಸಿಗುತ್ತವೆ. ಒಂದು, ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಯಾವುದೇ ಗೊಬ್ಬರದ ಅಂಗಡಿಯಲ್ಲಿ ದೊರೆಯುವ ಪೊಟ್ಯಾಷ್. ಎರಡು ಕಿಲೋ ತಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿದರೆ ಸಾಕು. ಇನ್ನೊಂದು, ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್. ಥೋರಿಯಂ ಇರುವ ಮ್ಯಾಂಟಲ್ ಅರ್ಧ ಡಜನ್ ಬೇಕು. ಈಗ ಥೋರಿಯಂ ಇಲ್ಲದ ಮ್ಯಾಂಟಲ್‌ಗಳೂ ಬರುತ್ತವೆ. ಹರಳಿನ ಬಳಿ ಹಿಡಿದಾಗ ಎಣಿಕೆ ಥಟ್ಟನೆ ಏರದಿದ್ದರೆ ಅವು ಕೆಲಸಕ್ಕೆ ಬಾರವು. ಮ್ಯಾಂಟಲ್‌ನ ಪುಡಿ ಉಸಿರಿನೊಳಗೆ ಹೋಗಬಾರದಾದ್ದರಿಂದ ಅವನ್ನು ಪ್ಲಾಸ್ಟಿಕ್ ಲಕೋಟೆಯಿಂದ ಹೊರಗೆ ತೆಗೆಯಕೂಡದು.

ಮ್ಯಾಂಟಲ್‌ಗಳ ಲಕೋಟೆಯನ್ನು ಹರಳಿನ ಮುಂಭಾಗಕ್ಕೆ ತಾಗಿಸಿ ಹತ್ತು ನಿಮಿಷ ಎಣಿಸಿ. ಎಡಗಡೆ 239 ಕೆಇವಿಯ ಎತ್ತರದ ಶಿಖರ, ಬಲಗಡೆ ತೀರಾ ಕೊನೆಯಲ್ಲಿ 2614ರ ಪುಟ್ಟ ಗುಡ್ಡ ಕಾಣುತ್ತದೆ. ಗುಡ್ಡ ಸ್ಪಷ್ಟವಾಗದಿದ್ದರೆ ಇನ್ನೂ ಹತ್ತು ನಿಮಿಷ ಬಿಡಿ. ಗೇನ್ ತಿರುಗಿಸುವುದು ಬಲಗಡೆಯದಕ್ಕೆ, ಝೀರೊ ತಿರುಗಿಸುವುದು ಎಡಗಡೆಯದಕ್ಕೆ ಎಂಬುದನ್ನು ಮರೆಯಬೇಡಿ. ಗೇನ್ ತಿರುಗಿಸಿ 2614ನ್ನು 871ಕ್ಕೆ ತನ್ನಿ, ಆಮೇಲೆ ಝೀರೊ ತಿರುಗಿಸಿ 239ನ್ನು 80ಕ್ಕೆ ತನ್ನಿ. ಝೀರೊ ಮುಟ್ಟಿದೊಡನೆ 871ರಲ್ಲಿದ್ದ ಶಿಖರ ಮತ್ತೆ ಕದಲುತ್ತದೆ. ಆದ್ದರಿಂದ ಹಿಂದಿನ ಎಣಿಕೆಯನ್ನು ಅಳಿಸಿ, ಹೊಸದಾಗಿ ಎಣಿಸಿ, ಪುನಃ ಗೇನ್, ಪುನಃ ಝೀರೊ. ಮೂರು ಸುತ್ತಿಗೆ ಎರಡೂ ನೆಲೆ ನಿಲ್ಲುತ್ತವೆ. ಒಂದೇ ಸುತ್ತಿಗೆ ಮುಗಿಸಿದೆವೆಂದು ಎದ್ದವರೆಲ್ಲ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕುಳಿತಿದ್ದಾರೆ.

ಶಿಖರದ ನಡುವನ್ನು ಕಣ್ಣಳತೆಯಲ್ಲಿ ಗುರುತಿಸಬಾರದು. ಎಣಿಕೆ ಕಡಿಮೆ ಇರುವಾಗ ಅತಿ ಎತ್ತರದ ಚಾನೆಲ್ ಯಾವುದು ಎಂಬುದು ಪ್ರತಿ ಸಲವೂ ಬದಲಾಗುತ್ತದೆ. ಶಿಖರದ ಅರ್ಧ ಎತ್ತರದಲ್ಲಿ ಎಡಬಲಗಳ ಚಾನೆಲ್ ಓದಿ ಅವುಗಳ ಸರಾಸರಿ ತೆಗೆಯಿರಿ. ಈಗ ಮ್ಯಾಂಟಲ್ ದೂರವಿಟ್ಟು ಪೊಟ್ಯಾಷ್ ಡಬ್ಬಿ ತಾಗಿಸಿ ನೋಡಿದಾಗ, ಎಡಕ್ಕೆ 474, ಬಲಕ್ಕೆ 500 ಬಂದರೆ ನಡು 487, ಯಂತ್ರ ಸರಿಯಾಗಿದೆ. ಆ ಎರಡರ ನಡುವಿನ ಅಂತರವನ್ನೂ ಬರೆದಿಡಿ. 26 ಚಾನೆಲ್‌ನಷ್ಟಿದ್ದದ್ದು ವರ್ಷ ಕಳೆದಂತೆ 35 ದಾಟಿದರೆ ಹರಳಿನೊಳಗೆ ತೇವ ಸೇರಿ ಹಳದಿಗಟ್ಟುತ್ತಿರುವ ಅನುಮಾನ ಪಡಬೇಕು. ಗೇನ್ ತಿರುಗಿಸಿ ಅದನ್ನು ಸರಿಪಡಿಸಲಾಗದು. ಶಿಖರ ಸರಿಹೊಂದುತ್ತಿಲ್ಲವೆಂದು ನಳಿಗೆಗೆ ಕೊಡುವ ಹೈ ವೋಲ್ಟೇಜ್ ಮುಟ್ಟುವವರಿದ್ದಾರೆ. ದಯವಿಟ್ಟು ಮುಟ್ಟಬೇಡಿ. ವೋಲ್ಟೇಜ್ ಕೊಂಚ ಬದಲಾದರೂ ನಳಿಗೆಯ ಬಲ ಬಹಳ ಬದಲಾಗುತ್ತದೆ.

ಕೆಲಸ ಮುಗಿದೊಡನೆ ಡಬ್ಬಿಯನ್ನೂ ಲಕೋಟೆಯನ್ನೂ ಜೀಪಿಗೆ ಒಯ್ದಿಟ್ಟು ಬನ್ನಿ. ಪೊಟ್ಯಾಷ್ ಡಬ್ಬಿಯನ್ನು ಬೆನ್ನಿನ ಚೀಲದಲ್ಲೇ ಇಟ್ಟುಕೊಂಡು ಊರೆಲ್ಲ ಅಳೆದು, ಪ್ರತಿಯೊಂದು ಕಲ್ಲಿನಲ್ಲೂ ಪೊಟ್ಯಾಸಿಯಂ ಕಂಡ ಹುಡುಗರನ್ನು ನಾನು ಬಲ್ಲೆ.

ತಾನಾಗಿಯೇ ಗೇನ್ ಸರಿಪಡಿಸಿಕೊಳ್ಳುವ ಆಟೋ ವ್ಯವಸ್ಥೆ ಹಲವು ಯಂತ್ರಗಳಲ್ಲಿದೆ. ಗ್ರಾನೈಟ್ ನೆಲದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಐಮಂಗಲದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ (ನೀರಿನೊಳಗೆ ಉಕ್ಕಿ ದಿಂಬಿನಂತೆ ಗಟ್ಟಿಯಾದ ಕಲ್ಲು), ಇಂಗಳದಾಳದ ತಾಮ್ರದ ಗಣಿಯ ಸುತ್ತಲಿನ ಹಸಿರು ಕಲ್ಲು ಮುಂತಾದೆಡೆ ಪೊಟ್ಯಾಸಿಯಂ ಬಹಳ ಕಡಿಮೆ. ಹಿಡಿದುಕೊಳ್ಳಲು ಶಿಖರವೇ ಸಿಗದೆ ಆಟೋ ದಾರಿ ತಪ್ಪಬಹುದು. ಅಂಥ ಕಡೆ ನಾನು ಆಟೋ ಆಫ್ ಮಾಡಿ, ಎರಡು ಗಂಟೆಗೊಮ್ಮೆ ಪೊಟ್ಯಾಷ್ ತೋರಿಸಿ ನೋಡುತ್ತೇನೆ. ನೀವೂ ಹಾಗೆಯೇ ಮಾಡಿ.

ವಿಂಡೊಗಳ ಗಡಿಯನ್ನು ಬದಲಿಸಬೇಡಿ. ಥೋರಿಯಂನ ಕಿರಣಗಳು ಚದುರಿ ಕೆಳಗಿನ ಎರಡೂ ವಿಂಡೊಗಳಿಗೆ ನುಗ್ಗುತ್ತವೆ, ಯುರೇನಿಯಂನವು ಪೊಟ್ಯಾಸಿಯಂ ವಿಂಡೊಗೆ ನುಗ್ಗುತ್ತವೆ. ಅದನ್ನು ಕಳೆಯುವ ಗುಣಾಂಕಗಳು ಯಂತ್ರದ ಪ್ರಮಾಣಪತ್ರದಲ್ಲಿದ್ದು, ಆ ಗಡಿಗಳಿಗೆ ಮಾತ್ರ ಹೊಂದುತ್ತವೆ.

ಎಣಿಕೆಯ ಅವಧಿ ಒಂದು ಜಾಗಕ್ಕೆ ಕನಿಷ್ಠ 120 ಸೆಕೆಂಡ್ ಇರಲಿ, ಹಸಿರು ಕಲ್ಲಿನ ಮೇಲೆ 300. ನೂರು ಎಣಿಕೆಗೆ ಹತ್ತರಷ್ಟು ಏರುಪೇರು ಸಹಜ. ಆ ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಹೊತ್ತು ಬೇಕು. ಅವಸರಕ್ಕೆ 30 ಸೆಕೆಂಡ್ ಇಟ್ಟು ಬರೆದ ಯುರೇನಿಯಂ ಅಂಕಿಯನ್ನು ನಾನು ಒಪ್ಪುವುದಿಲ್ಲ. ಶಕ್ತಿಯನ್ನೇ ಗುರುತಿಸದ ಅಗ್ಗದ ಗೈಗರ್ ಕೌಂಟರ್‌ಗಳನ್ನು, ಫೋನ್ ಕ್ಯಾಮೆರಾದಿಂದ ವಿಕಿರಣ ಅಳೆಯುತ್ತೇವೆನ್ನುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ತರಲೇಬೇಡಿ.

ಬ್ಯಾಕ್‌ಗ್ರೌಂಡ್, ಅಂದರೆ ಕಲ್ಲಿನಿಂದ ಬಾರದ ಎಣಿಕೆ, ಅಳೆಯಲು ನೀರಿನ ಮೇಲೆ ಹೋಗಬೇಕು. ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎರಡೂ ಇದಕ್ಕೆ ಒಪ್ಪುತ್ತವೆ. ಅನುಮತಿ ಪಡೆದು, ದೋಣಿಯಲ್ಲಿ ದಡದಿಂದ ಕೆಲವು ನೂರು ಮೀಟರ್ ಒಳಗೆ ಹೋಗಿ ಹತ್ತು ನಿಮಿಷ ಎಣಿಸಿ. ನೆಲದ ಕಿರಣಗಳನ್ನು ನೀರು ತಡೆಯುವುದರಿಂದ ಯಂತ್ರದ್ದು, ಗಾಳಿಯದ್ದು ಮತ್ತು ಆಕಾಶದಿಂದ ಬರುವ ಕಿರಣಗಳದ್ದು ಮಾತ್ರ ಉಳಿಯುತ್ತದೆ. ಅದನ್ನೇ ಸೆಟ್ಟಿಂಗ್‌ನಲ್ಲಿ ನಮೂದಿಸಿ.

ಇನ್ನು ಯಂತ್ರ ಇಡುವ ಜಾಗ. ದುರ್ಗದ ಗುಂಡುಕಲ್ಲುಗಳ ಸಂದಿನಲ್ಲಿ ಇಟ್ಟರೆ ಸುತ್ತಲ ಕಲ್ಲೂ ಸೇರಿ ಅಂಕಿ ಉಬ್ಬುತ್ತದೆ. ಸಮತಟ್ಟಾದ ಹಾಸುಬಂಡೆಯನ್ನೇ ಹುಡುಕಿ. ಮಳೆ ಬಂದರೆ ಗಾಳಿಯಲ್ಲಿನ ಅನಿಲವಾದ ರೇಡಾನ್‌ನಿಂದ ಹುಟ್ಟಿದ ಬಿಸ್ಮತ್-214 ನೆಲಕ್ಕಿಳಿದು ಯುರೇನಿಯಂ ಹೆಚ್ಚಿದಂತೆ ಕಾಣುತ್ತದೆ. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ, ಅದರ ತಾಯಿ ಸೀಸ-214ರದು ಸುಮಾರು 27. ಮಳೆ ನಿಂತ ಮೇಲೆ ಮೂರು ಗಂಟೆ ಕಾಯಿರಿ. ಮಣ್ಣಿನ ಮೇಲೆ ಅಳೆಯುವುದಾದರೆ ಅದು ಒಣಗುವವರೆಗೆ ಕಾಯಬೇಕು, ತೇವ ಕಿರಣವನ್ನು ನುಂಗುತ್ತದೆ.

ಸಂಜೆ ಯಂತ್ರ ಆರಿಸುವ ಮೊದಲು ಪೊಟ್ಯಾಷ್ ಡಬ್ಬಿ ಹಿಡಿದು ಇನ್ನೊಮ್ಮೆ ನೋಡಿ. 487ಕ್ಕಿಂತ ಐದು ಚಾನೆಲ್‌ಗೂ ಹೆಚ್ಚು ಜಾರಿದ್ದರೆ, ಕೊನೆಯ ಬಾರಿ ಸರಿ ಕಂಡ ನಂತರ ಅಳೆದ ಜಾಗಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಪುನಃ ಅಳೆಯಿರಿ.