ಯಾರು ಬಂದಿಲ್ಲ ಎಂದು ನೋಡುವವರು ಬೇಕು: ಪ್ರಾರ್ಥನೆಗೆ ಸೇರುವ ಊರಮಂದಿಯಲ್ಲಿ ಮನಸ್ಸಿನ ಆಸರೆಯ ತಂಡ ಕಟ್ಟುವ ಬಗೆ

ಯಹೂದಿಗಳ ಸಾಮೂಹಿಕ ಪ್ರಾರ್ಥನೆ ನಡೆಯಲು ಕನಿಷ್ಠ 10 ಮಂದಿ ಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಸಂಪ್ರದಾಯಸ್ಥರಲ್ಲಿ ಗಂಡಸರದಷ್ಟೇ ಲೆಕ್ಕ. ಉಳಿದ ಹಲವು ಪಂಥಗಳಲ್ಲಿ ಹೆಂಗಸರೂ ಸೇರುತ್ತಾರೆ. ಸಣ್ಣ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಒಬ್ಬರು ತಪ್ಪಿದರೂ ಸತ್ತವರಿಗಾಗಿ ಹೇಳುವ ಕದ್ದಿಶ್‌ನಂಥ ಪ್ರಾರ್ಥನೆ ಹೇಳುವಂತಿಲ್ಲ. ಹಾಗಾಗಿ ಯಾರು ಬಂದಿಲ್ಲ ಎನ್ನುವುದು ಅದೇ ಹೊತ್ತಿಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ನಮ್ಮ ಭಜನಾ ಮಂದಿರಗಳಲ್ಲಿ, ಚರ್ಚಿನ ವಾಳೆಗಳಲ್ಲಿ (ಹತ್ತಿರದ ಮನೆಗಳ ಗುಂಪುಗಳಲ್ಲಿ), ಮಸೀದಿಯ ಜಮಾಅತ್‌ಗಳಲ್ಲಿ ಇಂಥ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಶನಿವಾರದ ಭಜನೆಗೆ ನಲವತ್ತು ಜನ ಸೇರುವ ಕಡೆ ಒಬ್ಬರು ಎರಡು ತಿಂಗಳು ಕಾಣದಿದ್ದರೂ ತಾಳ ತಪ್ಪುವುದಿಲ್ಲ. ಖಿನ್ನತೆ ಹಿಡಿದವರು ಮೊದಲು ಬಿಡುವುದು ಇಂಥ ಕೂಟಗಳನ್ನೇ.

ಮಂಗಳೂರಿಗೆ ಯಹೂದಿಗಳು ತೀರಾ ಅಪರಿಚಿತರಲ್ಲ. ಟುನೀಶಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ಪತ್ರಗಳು ಹಳೆಯ ಕೈರೋದ ಸಿನಗಾಗಿನ ಕಾಗದದ ಕೋಣೆಯಲ್ಲಿ ಉಳಿದುಬಂದಿವೆ. ಯಹೂದಿ ಸಮುದಾಯ ಕಾಯಿಲೆಯವರನ್ನು, ದುಃಖದಲ್ಲಿರುವವರನ್ನು ನೋಡಿಕೊಳ್ಳಲು ಶತಮಾನಗಳಿಂದ ರೂಢಿಸಿಕೊಂಡ ಕ್ರಮಗಳಲ್ಲಿ ನಮ್ಮ ಊರಿಗೂ ಹೊಂದುವಂಥವು ಹಲವಿವೆ. ಅವುಗಳನ್ನು ಇಲ್ಲಿ ಹೇಗೆ ಜಾರಿಗೆ ತರಬಹುದು ಎಂಬುದು ಈ ಬರಹದ ವಿಷಯ. ಒಳ್ಳೆಯ ಮನಸ್ಸು ಎಲ್ಲ ಕಡೆ ಇದೆ. ಇಲ್ಲದ್ದು ಪಾಳಿ: ಯಾರು, ಯಾವ ದಿನ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬ ಲೆಕ್ಕ.

ತಂಡಕ್ಕೆ ಯಾರು

100ರಿಂದ 150 ಮನೆಗಳ ಸಮುದಾಯಕ್ಕೆ 8 ಮಂದಿ ಸಾಕು. ಅರ್ಧದಷ್ಟು ಹೆಂಗಸರಿರಲಿ, 30 ವರ್ಷ ದಾಟದ ಒಬ್ಬರಾದರೂ ಇರಲಿ. ಭಾಷೆಯನ್ನು ಮರೆಯಬೇಡಿ. ಕನ್ನಡದಲ್ಲಿ "ಚೆನ್ನಾಗಿದ್ದೇನೆ" ಎನ್ನುವ ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಿಜ ಹೇಳುತ್ತಾರೆ. ಆಡಳಿತ ಮಂಡಳಿಯ ಅಧ್ಯಕ್ಷರು, ಖಜಾಂಚಿ, ಸಂಘದ ಸಾಲ ವಸೂಲಿ ಮಾಡುವವರು ಬೇಡ. ಸಾಲದಿಂದಲೇ ನಿದ್ದೆಗೆಟ್ಟವರು ಅವರ ಮುಂದೆ ಬಾಯಿ ಬಿಡುವುದಿಲ್ಲ. ಮದುವೆ ಸಂಬಂಧ ಕೂಡಿಸುವವರನ್ನೂ ದೂರ ಇಡಿ, ಕಾರಣ ಮುಂದೆ ಬರುತ್ತದೆ. ಅರ್ಚಕರು, ಪಾದ್ರಿಗಳು, ಉಸ್ತಾದರು ತಂಡವನ್ನು ಬೆಂಬಲಿಸಲಿ, ವೇದಿಕೆಯಿಂದ ಆಗಾಗ ಅದರ ಬಗ್ಗೆ ಹೇಳಲಿ. ಮನೆಗಳ ಪಟ್ಟಿ ಮಾತ್ರ ತಂಡದ ಇಬ್ಬರು ಸಂಯೋಜಕರ ಕೈಯಲ್ಲೇ ಇರಲಿ.

ಕೆಲಸ ಶುರುವಾಗುವ ಮೊದಲು ಎರಡು ಅರ್ಧ ದಿನದ ತರಬೇತಿ ಬೇಕೇ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನೋ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದ ಸಮಾಜ ಕಾರ್ಯಕರ್ತರನ್ನೋ ಪತ್ರ ಬರೆದು ಕರೆಸಿ. ಮೊದಲ ದಿನ ಕೇಳಿಸಿಕೊಳ್ಳುವ ಅಭ್ಯಾಸ, ಎರಡನೆಯ ದಿನ ಅಪಾಯ ಗುರುತಿಸುವುದು ಮತ್ತು ಆಸ್ಪತ್ರೆಗೆ ಒಪ್ಪಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಇದನ್ನೇ ಮೂರು ಮಾತಿನಲ್ಲಿ ಹೇಳುತ್ತದೆ: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ತಂಡದವರು ಸಲಹೆಗಾರರಲ್ಲ, ವೈದ್ಯರಂತೂ ಅಲ್ಲ. ಇದನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಮೂರನೆಯ ತಿಂಗಳಿಗೆ ಯಾರಾದರೊಬ್ಬರು ಮಾತ್ರೆ ಬದಲಿಸಲು ಹೇಳಿಬಿಡುತ್ತಾರೆ.

ಮೊದಲ ಫೋನ್, ಮೊದಲ ಭೇಟಿ

ಪ್ರತಿ ಕೂಟದ ಬಳಿಕ ಒಬ್ಬರು ಐದು ನಿಮಿಷ ಕೂತು ಯಾರು ಕಾಣಲಿಲ್ಲ ಎಂದು ನೆನಪಿಸಿಕೊಳ್ಳಲಿ. ಎರಡು ವಾರ ಸತತ ಕಾಣದಿದ್ದರೆ ಫೋನ್. "ಯಾಕೆ ಬರ್ಲಿಲ್ಲ?" ಎಂದು ಶುರು ಮಾಡಿದರೆ ಲೆಕ್ಕ ಕೇಳಿದ ಹಾಗಾಗುತ್ತದೆ. "ಅಕ್ಕ, ನಿಮ್ಮನ್ನು ಕಾಣದೆ ಎರಡು ವಾರ ಆಯ್ತು. ಹೇಗಿದ್ದೀರಿ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು" ಎಂದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ತುಳುವರ ಆಟಿ ತಿಂಗಳಲ್ಲಿ, ಮಳೆಯ ನೆಪದಲ್ಲಿ ಒಂಟಿತನ ಅಡಗಿರುತ್ತದೆ. ಮಕ್ಕಳು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಆ ನಾಲ್ಕು ತಿಂಗಳು ಎರಡು ವಾರ ಕಾಯದೆ ವಾರಕ್ಕೊಮ್ಮೆ ಫೋನ್ ಮಾಡಿ.

ಕಾಯಿಲೆಯವರನ್ನು ನೋಡಲು ಹೋಗುವುದು ಯಹೂದಿಗಳಿಗೆ ಧರ್ಮದ ಕಟ್ಟಳೆ. ಬಿಕ್ಕೂರ್ ಹೋಲಿಮ್ ಎನ್ನುವ ಈ ಕೆಲಸಕ್ಕೆಂದೇ ಹಲವು ಸಿನಗಾಗುಗಳಲ್ಲಿ ಸಮಿತಿ ಇರುತ್ತದೆ. ಅವರ ಧರ್ಮಗ್ರಂಥ ತಾಲ್ಮುಡ್ ಭೇಟಿಯ ಹೊತ್ತನ್ನೂ ಹೇಳುತ್ತದೆ: ಹಗಲಿನ ಮೊದಲ ಮೂರು ತಾಸು ಬೇಡ, ಆಗ ರೋಗಿ ಹುಷಾರಾದಂತೆ ಕಾಣುತ್ತಾರೆ, ನೋಡಲು ಬಂದವರು ಪ್ರಾರ್ಥಿಸುವುದನ್ನು ಬಿಟ್ಟುಬಿಡುತ್ತಾರೆ, ಕೊನೆಯ ಮೂರು ತಾಸೂ ಬೇಡ, ಆಗ ರೋಗ ಹೆಚ್ಚಾದಂತೆ ಕಂಡು ಕೈಚೆಲ್ಲುತ್ತಾರೆ. ಹತ್ತಿರದವರು ಕೂಡಲೇ ಹೋಗಬಹುದು, ದೂರದ ಪರಿಚಯದವರು ಮೂರು ದಿನ ಕಳೆದು ಹೋಗಬೇಕು ಎಂಬ ಕ್ರಮವೂ ಇದೆ. ಖಿನ್ನತೆಯ ಮಟ್ಟಿಗೆ ಒಂದು ವ್ಯತ್ಯಾಸ ಮಾಡಿಕೊಳ್ಳಿ. ತೀವ್ರ ಖಿನ್ನತೆಯಲ್ಲಿ ಬೆಳಿಗ್ಗೆ ಎದ್ದಾಗಲೇ ಮನಸ್ಸು ಅತಿ ಭಾರವಾಗಿದ್ದು ಸಂಜೆಗೆ ತುಸು ಹಗುರವಾಗುವುದು ಸಾಮಾನ್ಯ. ಆದ್ದರಿಂದ ಸಂಜೆ 4ರಿಂದ 6ರ ನಡುವೆ ಹೋಗಿ.

ಮೊದಲು ಕೇಳಿಯೇ ಹೋಗಿ. ಇಬ್ಬರು ಸಾಕು, ಐದಾರು ಮಂದಿ ಹೋದರೆ ಅದು ಹೆಣ್ಣು ನೋಡಲು ಹೋದ ಹಾಗಾಗುತ್ತದೆ. 30ರಿಂದ 40 ನಿಮಿಷ ಕೂತು ಏಳಿ, ಏಳುವ ಮೊದಲು ಮುಂದಿನ ಭೇಟಿಯ ದಿನ ಹೇಳಿ. ಹೇಳಿದ ದಿನ ತಪ್ಪಿಸಬೇಡಿ. ಕಾಯುತ್ತಿರುವವರಿಗೆ ಆ ಒಂದು ದಿನವೇ ವಾರದ ಆಧಾರವಾಗಿರಬಹುದು. "ಧೈರ್ಯ ತಗೊಳ್ಳಿ", "ನಿಮಗೇನು ಕಡಿಮೆ?", "ದೇವರ ಮೇಲೆ ಭಾರ ಹಾಕಿ" ಎಂಬ ಮಾತುಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ. ಖಿನ್ನತೆಯಲ್ಲಿರುವವರಿಗೆ ಅವು ದೂರಿನಂತೆ ಕೇಳಿಸುತ್ತವೆ: ಧೈರ್ಯ ಇಲ್ಲದ್ದು ನನ್ನ ತಪ್ಪು, ಭಕ್ತಿ ಸಾಲದ್ದು ನನ್ನ ತಪ್ಪು. ನಿದ್ದೆ ಹೇಗಿದೆ, ಊಟ ಸೇರುತ್ತದಾ, ದಿನದ ಯಾವ ಹೊತ್ತು ಕಷ್ಟ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದ್ದರೆ ವೈದ್ಯರ ಮಾತೆತ್ತುವ ಹೊತ್ತು ಬಂದಿದೆ.

ಹರಕೆ, ಮಾತ್ರೆ, ಉಪವಾಸ

ತುಳುನಾಡಿನಲ್ಲಿ ಮನಸ್ಸು ಕೆಟ್ಟರೆ ಮೊದಲು ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವ ಮನೆಗಳು ಹಲವಿವೆ. ಅದರ ವಿರುದ್ಧ ವಾದಕ್ಕೆ ಇಳಿಯಬೇಡಿ, ಬಾಗಿಲು ಮುಚ್ಚಿಬಿಡುತ್ತದೆ. ಸಿನಗಾಗಿನಲ್ಲಿ ಕಾಯಿಲೆಯವರಿಗಾಗಿ ಹೇಳುವ ಪ್ರಾರ್ಥನೆ ಆತ್ಮದ ಗುಣವನ್ನೂ ದೇಹದ ಗುಣವನ್ನೂ ಒಟ್ಟಿಗೇ ಬೇಡುತ್ತದೆ. ಪ್ರಾರ್ಥನೆ ಹೇಳಿಸಿದವರು ಔಷಧ ಬಿಡಬೇಕಿಲ್ಲ. ನಮ್ಮಲ್ಲೂ ಮಾತು ಹಾಗೇ ಇರಲಿ: ಹರಕೆ ಹೊರಿ, ಮಾತ್ರೆ ನಿಲ್ಲಿಸಬೇಡಿ.

ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವರಿಗೆ 6 ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರುತ್ತವೆ. ಲಾಭ ಕಾಣುವ ಮೊದಲೇ ತೊಂದರೆ ಕಾಣುವುದರಿಂದ ಹಲವರು ಮೊದಲ ಕೆಲವು ವಾರಗಳಲ್ಲೇ ಬಿಟ್ಟುಬಿಡುತ್ತಾರೆ. ತಂಡದ ಫೋನ್ ಬೇಕಾದದ್ದು ಆಗಲೇ. ಗುಣವಾಯಿತು ಎಂದು ತಟ್ಟನೆ ನಿಲ್ಲಿಸುವುದು ಎರಡನೆಯ ಅಪಾಯ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುವುದು ರೂಢಿ, ನಿಲ್ಲಿಸುವುದೂ ಅವರು ಹೇಳಿದಂತೆ ಹಂತಹಂತವಾಗಿ.

ಉಪವಾಸದ ವಿಷಯವನ್ನು ಧಾರ್ಮಿಕ ಸಮುದಾಯವೇ ಎತ್ತಬೇಕು. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರಿಲ್ಲದೆ ಉಪವಾಸ ಮಾಡಿದರೆ, ಅದರಲ್ಲೂ ಸೆಕೆಗಾಲದಲ್ಲಿ, ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಕೈನಡುಕ ಹೆಚ್ಚಾಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ 25 ತಾಸಿನ ಉಪವಾಸದಲ್ಲಿ ಯಹೂದಿಗಳು ನೀರನ್ನೂ ಮುಟ್ಟುವುದಿಲ್ಲ. ಆದರೂ ಜೀವಕ್ಕೆ ಅಪಾಯವಿರುವವರು ಉಪವಾಸ ಮಾಡಲೇಬಾರದು ಎನ್ನುತ್ತದೆ ಅವರ ಧರ್ಮಶಾಸ್ತ್ರ. ನಿರ್ಜಲ ಏಕಾದಶಿಗೆ, ರಂಜಾನಿಗೆ ಎರಡು ವಾರ ಮೊದಲೇ "ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯಿರಿ" ಎಂದು ಗುರುಗಳ ಬಾಯಿಂದಲೇ ಹೇಳಿಸಿ. ಅದನ್ನು ಬೇರೆ ಯಾರು ಹೇಳಿದರೂ ಹಿರಿಯರು ಒಪ್ಪುವುದು ಕಷ್ಟ.

ಸಾಯುವ ಮಾತು ಬಂದಾಗ

ನೇರವಾಗಿ ಕೇಳಿ. "ಇಷ್ಟು ಕಷ್ಟ ಆಗುವಾಗ ಜೀವ ತೆಗೆದುಕೊಳ್ಬೇಕು ಅಂತ ಯೋಚನೆ ಬರ್ತದಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ, ಎಷ್ಟೋ ಮಂದಿಗೆ ಯಾರಾದರೂ ಕೇಳಿದರಲ್ಲ ಎಂಬ ಸಮಾಧಾನವೇ ಆಗುತ್ತದೆ. ಹೌದೆಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದಾರೋ ಕೇಳಿ. ಯೋಜನೆ ಇದ್ದರೆ ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಿ. ಒಬ್ಬರು ಜೊತೆಗಿರಲಿ, ಇನ್ನೊಬ್ಬರು ತೋಟಕ್ಕೆ ಹೊಡೆಯುವ ಕೀಟನಾಶಕ, ಮನೆಯ ಮಾತ್ರೆಗಳನ್ನೆಲ್ಲ ಎತ್ತಿ ಬೇರೆ ಮನೆಗೆ ಸಾಗಿಸಲಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಸಾಲದು, ಕೀಲಿ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ.

ಟೆಲಿಮನಸ್ ಸಹಾಯವಾಣಿ 14416, ದಿನದ 24 ತಾಸೂ ಉಚಿತ, ಕನ್ನಡದಲ್ಲಿ ಸಿಗುತ್ತದೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಮಂಗಳೂರಿನಲ್ಲಿ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ: ನಿಮ್ಮ ಊರಿಗೆ ಹತ್ತಿರದ್ದು ಯಾವುದು, ರಾತ್ರಿ ಯಾರ ಕಾರಿನಲ್ಲಿ ಹೋಗುವುದು ಎಂದು ಮೊದಲೇ ಬರೆದಿಡಿ. ತುರ್ತು ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ, ಸಾಮಾನ್ಯವಾಗಿ ಅದು ಮಂಗಳವಾರ ನಡೆಯುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಶಿಕ್ಷೆಯಿಂದ ಕಾಪಾಡುತ್ತದೆ ಎಂದು ಮನೆಯವರಿಗೆ ತಿಳಿಸಿ.

ಸಂಪ್ರದಾಯಸ್ಥ ಯಹೂದಿಗಳು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ಫೋನ್ ಮುಟ್ಟುವುದಿಲ್ಲ. ಆದರೆ ಜೀವ ಉಳಿಸುವ ಪ್ರಶ್ನೆ ಬಂದರೆ ಸಬ್ಬತ್‌ನ ಕಟ್ಟಳೆ ಮುರಿಯಲೇಬೇಕು. ಮಹಾಪೂಜೆ ನಡೆಯುತ್ತಿದ್ದರೂ, ರಥೋತ್ಸವವೇ ಇದ್ದರೂ, ಸಂಯೋಜಕರ ಫೋನ್ ಬಂದ್ ಆಗುವುದು ಬೇಡ.

ಸಾವಾದ ಮನೆ

ಶಿವಾ ಎಂಬ ಏಳು ದಿನ ಯಹೂದಿಗಳು ಸಾವಿನ ಮನೆಯಲ್ಲೇ ಕೂರುತ್ತಾರೆ, ಊರವರು ಅಲ್ಲಿಗೇ ಬರುತ್ತಾರೆ. ಸಮಾಧಿಯಿಂದ ಮರಳಿದ ಮೇಲಿನ ಮೊದಲ ಊಟ ನೆರೆಯವರದ್ದೇ, ಬೇಯಿಸಿದ ಮೊಟ್ಟೆ, ಬೇಳೆಕಾಳು. ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಬಂದವರು ಮಾತು ಶುರು ಮಾಡುವಂತಿಲ್ಲ. ಆಮೇಲೆ 30 ದಿನದ ಇನ್ನೊಂದು ಹಂತ. ತಂದೆ ತಾಯಿ ಸತ್ತರೆ ಮಕ್ಕಳು 11 ತಿಂಗಳು ಕದ್ದಿಶ್ ಹೇಳುತ್ತಾರೆ, ಅದಕ್ಕೆ 10 ಮಂದಿ ಬೇಕಾದ್ದರಿಂದ ಅವರು ಒಂಟಿಯಾಗುವಂತೆಯೇ ಇಲ್ಲ.

ನಮ್ಮಲ್ಲಿ ಬೊಜ್ಜದ (ಉತ್ತರಕ್ರಿಯೆಯ) ದಿನದವರೆಗೆ, ಕ್ರೈಸ್ತರಲ್ಲಿ ತಿಂಗಳ ಪೂಜೆಯವರೆಗೆ ಮನೆ ತುಂಬಿರುತ್ತದೆ, ಮರುದಿನ ಶಾಮಿಯಾನದ ಜೊತೆ ಜನರೂ ಹೋಗುತ್ತಾರೆ. ತಂಡದ ಪಾಳಿ ಅಲ್ಲಿಂದ ಶುರುವಾಗಲಿ: ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ. ಗಂಜಿಯೋ ಪಲ್ಯವೋ ಒಯ್ಯುವುದಾದರೆ ಹಿಂದಿರುಗಿಸಬೇಕಿಲ್ಲದ ಡಬ್ಬಿಯಲ್ಲಿ ಒಯ್ಯಿರಿ. ಪಾತ್ರೆ ತೊಳೆದು ಯಾರದ್ದೆಂದು ನೆನಪಿಡುವ ತ್ರಾಣವೂ ಆ ಮನೆಯಲ್ಲಿರುವುದಿಲ್ಲ. ಆತ್ಮಹತ್ಯೆಯಾದ ಮನೆಗೆ ಜನ ಹೋಗಲು ಹಿಂಜರಿಯುತ್ತಾರೆ. ಹಿಂದೆ ಯಹೂದಿಗಳಲ್ಲೂ ಅಂಥ ಸಾವಿಗೆ ಶೋಕಾಚರಣೆ ಮೊಟಕುಗೊಳ್ಳುತ್ತಿತ್ತು. ಈಗಿನ ರಬ್ಬಿಗಳು (ಯಹೂದಿ ಧರ್ಮಗುರುಗಳು) ಸಾಮಾನ್ಯವಾಗಿ ಅದನ್ನು ಕಾಯಿಲೆಯಿಂದಾದ ಸಾವು ಎಂದೇ ಪರಿಗಣಿಸಿ ಪೂರ್ಣ ಆಚರಣೆಗೆ ಒಪ್ಪುತ್ತಾರೆ. ಅಂಥ ಮನೆಗೆ ಮೊದಲ ದಿನವೇ ಹೋಗಿ. ಕಾರಣ ಕೇಳಬೇಡಿ, ಸತ್ತವರ ಹೆಸರು ಹೇಳಲು ಹಿಂಜರಿಯಬೇಡಿ.

ಗುಟ್ಟು ಕಾಯುವುದು

ಇಂಥ ತಂಡಗಳು ಒಡೆಯುವುದು ಇಲ್ಲೇ. ಒಬ್ಬರ ಚಿಕಿತ್ಸೆಯ ಸುದ್ದಿ ಹೊರಬಿದ್ದರೆ ತಂಗಿಯ ಮದುವೆ ಮಾತುಕತೆ ನಿಲ್ಲುತ್ತದೆ. ಆಮೇಲೆ ಆ ಮನೆ ಮಾತ್ರವಲ್ಲ, ಇಡೀ ವಾಳೆಯೇ ತಂಡವನ್ನು ನಂಬುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹೆಸರು, ಮನೆ, ಆಸ್ಪತ್ರೆ ಯಾವುದೂ ಬೇಡ. ಪುಸ್ತಕದಲ್ಲಿ ಮನೆಗೊಂದು ಸಂಖ್ಯೆ ಕೊಟ್ಟು ಭೇಟಿಯ ದಿನವಷ್ಟೇ ಬರೆಯಿರಿ. ಮೈಕಿನಲ್ಲಿ ಹೆಸರು ಹೇಳಿ ಪ್ರಾರ್ಥಿಸುವುದಾದರೆ ಅವರ ಒಪ್ಪಿಗೆ ಬೇಕು, ಮನೆಯವರು ಒಪ್ಪಿದರೆ ಸಾಲದು. ಮೊದಲ ಭೇಟಿಯಲ್ಲೇ ಒಂದು ವಿನಾಯಿತಿ ಹೇಳಿಬಿಡಿ: "ನಿಮ್ಮ ಜೀವಕ್ಕೆ ಅಪಾಯ ಅಂತ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳ್ತೇವೆ, ಅದನ್ನೂ ನಿಮಗೆ ತಿಳಿಸಿಯೇ." ಹಣ ಕೊಡುವುದು, ಸಾಲಕ್ಕೆ ಜಾಮೀನು ನಿಲ್ಲುವುದು ತಂಡದವರಿಗೆ ನಿಷಿದ್ಧ.

ಹುಷಾರಾಗುತ್ತಿರುವವರು ಮರಳಿ ಬಂದಾಗ ಸುತ್ತ ನಿಂತು ವಿಚಾರಿಸಬೇಡಿ, ಒಂದು ಸಣ್ಣ ಕೆಲಸ ಕೊಡಿ. ಭಜನೆ ಪುಸ್ತಕ ಹಂಚುವುದು, ದೀಪಕ್ಕೆ ಎಣ್ಣೆ ಹಾಕುವುದು, ಬೆಂಚು ಸರಿಸುವುದು. ಆಗದ ದಿನ ಇನ್ನೊಬ್ಬರು ಮಾಡಬಹುದಾದ ಕೆಲಸವೇ ಆಗಿರಲಿ.

ತಂಡದವರಲ್ಲಿ ಯಾರ ಕೈಯಲ್ಲೂ ಎರಡಕ್ಕಿಂತ ಹೆಚ್ಚು ಮನೆ ಇರಬಾರದು. 15 ದಿನಕ್ಕೊಮ್ಮೆ ಎಂಟೂ ಮಂದಿ ಒಂದು ತಾಸು ಕೂತು, ಹೆಸರೆತ್ತದೆ, ತಮಗೆ ಯಾವುದು ಭಾರವಾಯಿತು ಎಂದು ಮಾತಾಡಲಿ. ಮೂರು ತಿಂಗಳ ಪಾಳಿ ಮುಗಿದವರಿಗೆ ಒಂದು ತಿಂಗಳು ರಜೆ. ರಜೆಗೆ ಮೊದಲೇ ಬದಲಿ ಜೊತೆಗಾರರನ್ನು ಆ ಮನೆಗೆ ಪರಿಚಯಿಸಿ ಒಂದೆರಡು ಭೇಟಿ ಒಟ್ಟಿಗೆ ಹೋಗಲಿ. ಭೇಟಿ ಮಾಡುವವರದ್ದೇ ನಿದ್ದೆ ಎರಡು ವಾರ ಕೆಟ್ಟರೆ ಅವರ ಮನೆಗಳನ್ನು ಅದೇ ದಿನ ಬೇರೆಯವರಿಗೆ ವಹಿಸಿ, 14416ಕ್ಕೆ ಅವರೂ ಫೋನ್ ಮಾಡಲಿ.