ಕಾರ್ಬನ್ ಚೇರ್ ಬಿಟ್ಟು ಗ್ಲೌಸ್ ಹಿಂದೆ ಬಿದ್ದೆ

ನಾನು ವೀಲ್‌ಚೇರ್ ರೇಸ್ ಓಡಿಸೋನು. ಹೊಸ ಕಾರ್ಬನ್ ಫೈಬರ್ ರೇಸಿಂಗ್ ಚೇರ್‌ಗೆ ಸಾಲದ ಅರ್ಜಿ ಕೂಡ ತುಂಬಿಟ್ಟಿದ್ದೆ. 2021ರಲ್ಲಿ ಜಪಾನಿನ ಓಯಿಟಾದಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹಗ್ ಅಂಥದ್ದೇ ಕಾರ್ಬನ್ ಚೇರ್‌ನಲ್ಲಿ 1 ಗಂಟೆ 17 ನಿಮಿಷ 47 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದ್ದೇ ತಡ, ನಮ್ಮಲ್ಲಿ ಎಲ್ಲರ ಬಾಯಲ್ಲೂ ಕಾರ್ಬನ್ನೇ. ಅವರದೇ ದೇಶದ ಹೈಂಜ್ ಫ್ರೈ 1999ರಲ್ಲಿ ಮಾಡಿದ್ದ ವೀಲ್‌ಚೇರ್ ಮ್ಯಾರಥಾನ್ ದಾಖಲೆ ಅಲ್ಲಿವರೆಗೆ 22 ವರ್ಷ ಯಾರಿಗೂ ಬಗ್ಗಿರಲಿಲ್ಲ. ಆಸೆ ಆಗೋದು ಸಹಜ ಅಲ್ವಾ?

ಆದರೆ ಫೋನಲ್ಲಿ ನನ್ನ ವಿಡಿಯೊ ನಿಧಾನಕ್ಕೆ ಓಡಿಸಿ ನೋಡಿದಾಗ ಗೊತ್ತಾಯಿತು, ತಪ್ಪು ಚೇರ್‌ದಲ್ಲ. ಬಲಗೈ ಪುಶ್ ರಿಮ್ ಅನ್ನು, ಅಂದರೆ ಚಕ್ರದ ಪಕ್ಕ ಕೈಯಿಂದ ತಳ್ಳುವ ಬಳೆಯನ್ನು, ಸರಿಯಾಗೇ ಹೊಡೆಯುತ್ತಿತ್ತು, ಗಡಿಯಾರದ ನಾಲ್ಕರ ಹತ್ತಿರ ಬಂದಾಗ ಜಾರುತ್ತಿತ್ತು. ಅರ್ಧ ತಳ್ಳು ದಂಡ. ಮೆತ್ತನೆ ಚರ್ಮದ ಗ್ಲೌಸ್, ಮೇಲೆ ಟೇಪ್ ಮೇಲೆ ಟೇಪ್. ತಿಂಗಳಿಗೊಂದು ಜೊತೆ ಹರಿಯುತ್ತಿತ್ತು. ವರ್ಷದ ಗ್ಲೌಸ್ ದುಡ್ಡಲ್ಲಿ ಒಳ್ಳೆ ರೇಸಿಂಗ್ ಟೈರ್ ಬರುತ್ತಿದ್ದವು.

ಬಿಸಿನೀರಲ್ಲಿ ಸುಮಾರು 60 ಡಿಗ್ರಿಗೆ ಕರಗುವ ಪ್ಲಾಸ್ಟಿಕ್ ಮಣಿ ತಂದೆ. "ಆಟದ ಸಾಮಾನು ಕೈಗೆ ಹಾಕ್ಕೊಂಡು ರೇಸ್ ಹೋಗ್ತೀಯಾ?" ಅಂದರು ಕೋಚ್. ಮೊದಲ ಜೊತೆ ಅವರ ಮಾತನ್ನೇ ನಿಜ ಮಾಡಿತು. ಹತ್ತು ಕಿಲೋಮೀಟರಿಗೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ. ಎರಡನೆಯದು ಚೆನ್ನಾಗೇ ಇತ್ತು, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಿದ್ದೆ. ಬಂದು ನೋಡಿದರೆ ಗೆಣ್ಣಿನ ಉಬ್ಬು ಚಪ್ಪಟೆ, ಎಡಗೈದು ಗಾಜಿಗೆ ಅಂಟಿತ್ತು.

ಮೂರನೆಯದು, ನಾಲ್ಕನೆಯದೂ ಕಸಕ್ಕೆ. ಆಮೇಲೆ ಹೊಳೆಯಿತು: ಅಷ್ಟೂ ದಿನ ಮೇಜಿನ ಮುಂದೆ ಕೂತು ಅಚ್ಚು ಮಾಡುತ್ತಿದ್ದೆ. ರೇಸಿಂಗ್ ಚೇರ್‌ನಲ್ಲಿ ಮಂಡಿಯೂರಿ ಎದೆ ಬಗ್ಗಿಸಿ ಕೂತಾಗ ಮಣಿಕಟ್ಟು ತಿರುಗುವ ರೀತಿಯೇ ಬೇರೆ. ಐದನೇ ಸಲ ಚೇರ್‌ನಲ್ಲೇ ಪಟ್ಟಿ ಬಿಗಿದು ಕೂತೆ, ಬಿಸಿ ಮುದ್ದೆ ಕೈಗೆ ಮೆತ್ತಿ, ರಿಮ್‌ಗೆ ಒತ್ತಿ ಹಿಡಿದು ಗಟ್ಟಿಯಾಗುವ ತನಕ ಅಲ್ಲಾಡಲಿಲ್ಲ. ಮೇಲೆ ರಬ್ಬರ್ ಅಂಟಿಸಿದೆ. ರಬ್ಬರನ್ನು ಯಾವ ಓರೆಯಲ್ಲಿ ಕತ್ತರಿಸಿದೆ ಅಂತ ಮಾತ್ರ ಕೇಳಬೇಡಿ, ಇನ್ನೂ ಎರಡು ಸೀಸನ್ ಓಡಿಸಬೇಕು ನಾನು.

ನಡುವೆ ರಿಮ್ ಕೂಡ 15ರಿಂದ 14 ಇಂಚಿಗೆ ಇಳಿಸಿ ನೋಡಿದೆ. ವೇಗ ಹಿಡಿದ ಮೇಲೆ ಸೊಗಸು, ಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲರೂ ನನ್ನ ಬಿಟ್ಟು ಹೋದರು. ವಾಪಸ್ 15. ಮಳೆಯಲ್ಲಿ ಜಾರದಿರಲಿ ಅಂತ ಅಂಟು ಬಳಿದು ನೋಡಿದ್ದೂ ಆಯಿತು, ಕೈ ಬಿಡಿಸಿಕೊಳ್ಳೋದೇ ಕಷ್ಟ.

ಮ್ಯಾರಥಾನ್ 1 ಗಂಟೆ 44ರ ಆಸುಪಾಸಿನಿಂದ ಎರಡು ಸೀಸನ್‌ನಲ್ಲಿ 37ಕ್ಕೆ ಬಂತು. ಎಲ್ಲಾ ಗ್ಲೌಸಿಂದಲೇ ಅನ್ನಲ್ಲ, ಭುಜಕ್ಕೂ ಕೆಲಸ ಕೊಟ್ಟಿದ್ದೆ. ಚೇರ್ ಮಾತ್ರ ಅದೇ ಹಳೇ ಅಲ್ಯೂಮಿನಿಯಂ. ಕಾರ್ಬನ್‌ನವರು ಇಬ್ಬರು ನನ್ನ ಹಿಂದೆ ಬಂದರು, ಸುಮ್ನೆ ಹೇಳಿದೆ.

ಕೋಚ್ ಮೊನ್ನೆ ಒಬ್ಬ ಹೊಸ ಹುಡುಗನನ್ನು ಕಳಿಸಿದ್ದರು, ಮಣಿ ಎಷ್ಟು ಬೇಕು ಅಂತ ಕೇಳಲು. ಒಂದು ಕೈಗೆ ಎರಡು ಹಿಡಿ ಅಂದೆ. ಕಾರಲ್ಲಿ ಬಿಡಬೇಡ ಅಂತಲೂ ಹೇಳಿದೆ.