ಕಸದ ಜಾಗ ಹುಡುಕುತ್ತಾ ಹದ್ದುಗಳನ್ನು ಎಣಿಸಿದೆ

ನಾನು ನಗರಸಭೆಯೊಂದರಲ್ಲಿ ಪರಿಸರ ಎಂಜಿನಿಯರ್. ನಮ್ಮೂರಿಗೆ ವಿಮಾನ ಬರಲು ಶುರುವಾದ ಮೇಲೆ ಹಳೇ ಕಸದ ಗುಡ್ಡೆಯನ್ನು ಅಲ್ಲಿಂದ ಎತ್ತಲೇಬೇಕಾಯಿತು; ಕಸಕ್ಕೆ ಬರುವ ಹಕ್ಕಿ ವಿಮಾನಕ್ಕೆ ಬಡಿದರೆ ಅಪಾಯ. ಹೊಸ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ತೋರಿಸಿದ್ದು ಒಂದು ಗೋಮಾಳ. ಪಹಣಿ ಸರಿಯಿತ್ತು, ತಕರಾರು ಇರಲಿಲ್ಲ, ಹತ್ತಿರದಲ್ಲಿ ಮನೆಗಳೂ ಇರಲಿಲ್ಲ. ಫೈಲಿನಲ್ಲಿ ವಿಮಾನ ನಿಲ್ದಾಣಕ್ಕೆ 16 ಕಿ.ಮೀ. ಅಂತ ಬರೆದಿದ್ದರು. ಅದು ರಸ್ತೆ ಲೆಕ್ಕ. ಹಕ್ಕಿ ಹೋಗುವುದು ನೇರ ದಾರಿಯಲ್ಲಿ ಅಲ್ವಾ? ಗೂಗಲ್ ಅರ್ಥ್‌ನಲ್ಲಿ ಗೆರೆ ಎಳೆದು ನೋಡಿದರೆ 9 ಕಿ.ಮೀ. ಕೂಡ ಇಲ್ಲ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಬಯಲಲ್ಲಿ ಕಸ ಸುರಿಯುವುದನ್ನೂ ಪ್ರಾಣಿ ಕಡಿಯುವುದನ್ನೂ 1937ರ ವಿಮಾನ ನಿಯಮಗಳ 91ನೇ ನಿಯಮವೇ ತಡೆದಿತ್ತು. 2016ರ ಘನತ್ಯಾಜ್ಯ ನಿಯಮಗಳು ಇನ್ನೂ ಬಿಗಿಯಾಗಿದ್ದವು: ಭೂಭರ್ತಿ ಜಾಗ, ಅಂದರೆ ಕಸ ಹೂಳುವ ಜಾಗ, 20 ಕಿ.ಮೀ. ಆಚೆ ಇರಬೇಕಿತ್ತು, 10ರಿಂದ 20ರ ನಡುವೆ ಆದರೆ ವಿಶೇಷ ಸಂದರ್ಭದಲ್ಲಿ ಮಾತ್ರ, ಅದೂ ವಿಮಾನಯಾನ ಇಲಾಖೆ ಇಲ್ಲವೇ ವಾಯುಪಡೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು. ಗೋಮಾಳ ಕೈಬಿಟ್ಟೆವು.

ಎರಡನೇ ಜಾಗ ನೇರ ಗೆರೆಯಲ್ಲಿ 14 ಕಿ.ಮೀ. ಎನ್‌ಒಸಿಗೆ ಅರ್ಜಿ ಹಾಕೋಣ ಅಂತ ಎಲ್ಲರೂ ಒಪ್ಪಿದ್ದರು. ನನಗೂ ಸಮಾಧಾನವೇ. ಅಳತೆಗೆ ಹೋದ ದಿನ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಬಂದು, "ಇಲ್ಲಿ ಕಸ ಹಾಕ್ತೀರಾ ಸ್ವಾಮಿ? ಹಂಗಾದ್ರೆ ಕೆರೆ ಬೆಳ್ಳಕ್ಕಿ ಎಲ್ಲಾ ಇಲ್ಲಿಗೇ ಬರ್ತಾವೆ" ಅಂದರು. ಯಾವ ಕೆರೆ ಅಂತ ಕೇಳಿದೆ. ಕೈ ತೋರಿಸಿದರು. ಆ ಕೆರೆ ರನ್‌ವೇಯ ಇನ್ನೊಂದು ಬದಿಗೆ ಇತ್ತು.

ಅಲ್ಲಿಯವರೆಗೆ ನಾನು ನಕ್ಷೆಯ ಮೇಲೆ ಬರೀ ವೃತ್ತ ಬರೆಯುತ್ತಿದ್ದೆ. ಹಕ್ಕಿ ರಾತ್ರಿ ಎಲ್ಲಿ ಕೂರುತ್ತದೆ, ಬೆಳಿಗ್ಗೆ ಎಲ್ಲಿ ಮೇಯುತ್ತದೆ, ಈ ಎರಡರ ನಡುವಿನ ಗೆರೆ ವಿಮಾನ ಏರುವ ಇಳಿಯುವ ದಾರಿಯನ್ನು ಕತ್ತರಿಸುತ್ತದಾ ಅಂತ ನೋಡಿರಲಿಲ್ಲ. ಕೆರೆ ಒಂದು ಕಡೆ, ಕಸ ಇನ್ನೊಂದು ಕಡೆ ಇದ್ದರೆ ದಿನಕ್ಕೆರಡು ಸಲ ಹಿಂಡು ರನ್‌ವೇ ದಾಟಬೇಕು. ಕಾಗದದಲ್ಲಿ ಆ ಜಾಗ ಪಾಸಾಗುತ್ತಿತ್ತೇನೋ. ನಾನೇ ಬೇಡ ಅಂತ ಟಿಪ್ಪಣಿ ಬರೆದೆ. ಆರು ತಿಂಗಳ ಓಡಾಟ ನೀರಿಗೆ ಹೋಯಿತು ಅಂತ ಕೆಲವರು ಬೇಜಾರು ಮಾಡಿಕೊಂಡರು. ಆದರೂ ಆ ಟಿಪ್ಪಣಿ ಸರಿಯಾಗಿತ್ತು ಅಂತ ಈಗಲೂ ನಂಬಿದ್ದೇನೆ.

ಆಮೇಲೆ ಹಳೇ ಗುಡ್ಡೆಯ ಹತ್ತಿರ ಹಲವು ದಿನ ಬೆಳಿಗ್ಗೆಯೇ ಹೋಗಿ ನಿಂತೆ. ಏಳು ಗಂಟೆಗೆ ಹದ್ದುಗಳು ವಿದ್ಯುತ್ ಕಂಬದ ಮೇಲೆ ಸುಮ್ನೆ ಕೂತಿರುತ್ತವೆ. ಒಂಬತ್ತೂವರೆ ಹೊತ್ತಿಗೆ ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ. ಆಗ ಒಂದೊಂದೇ ಎದ್ದು, ರೆಕ್ಕೆ ಬಡಿಯದೆ, ಸುತ್ತು ಹೊಡೆಯುತ್ತಾ ಮೇಲಕ್ಕೆ ಹೋಗುತ್ತವೆ. ನಮ್ಮೂರಿನ ಬೆಳಗಿನ ವಿಮಾನ ಇಳಿಯುವುದೂ ಅದೇ ಹೊತ್ತಿಗೆ. ಗುರುವಾರ ಬೆರಳೆಣಿಕೆಯಷ್ಟಿದ್ದ ಹದ್ದು ಸೋಮವಾರ ಎಣಿಸಿ ಮುಗಿಯುತ್ತಿರಲಿಲ್ಲ. ಕಾರಣ ಗಾಡಿಯಲ್ಲೇ ಇತ್ತು: ಭಾನುವಾರ ಕೋಳಿ ಅಂಗಡಿಗಳಲ್ಲಿ ಉಳಿದ ಕರುಳು, ತಲೆ, ಪುಕ್ಕ. 2025ರ ಏರೋ ಇಂಡಿಯಾ ವಿಮಾನ ಪ್ರದರ್ಶನದ ಸಮಯದಲ್ಲಿ ಯಲಹಂಕ ವಾಯುನೆಲೆ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರಾಟ ನಿಲ್ಲಿಸಿದ್ದು ಇದೇ ಭಯಕ್ಕೆ.

ಕೊನೆಗೆ ಸಿಕ್ಕಿದ ಜಾಗ 22 ಕಿ.ಮೀ. ದೂರ. ಡೀಸೆಲ್ ಖರ್ಚು ಜಾಸ್ತಿ ಆಗುತ್ತದೆ ಅಂತ ಆಕ್ಷೇಪ ಬಂತು, ನ್ಯಾಯವಾದದ್ದೇ. ಅದಕ್ಕೆ ಹಸಿ ಕಸವನ್ನು ಊರೊಳಗೇ ಗೊಬ್ಬರ ಮಾಡಿ, ಯಾವುದಕ್ಕೂ ಬಾರದ ಕಸವನ್ನಷ್ಟೇ ಅಲ್ಲಿಗೆ ಕಳಿಸೋಣ ಅಂದೆ. ಆದರೆ ಊರೊಳಗಿನ ಗೊಬ್ಬರದ ಘಟಕ 10 ಕಿ.ಮೀ. ಒಳಗೇ ಬರುತ್ತದೆ, ಬಯಲಲ್ಲಿ ಮಾಡಿದರೆ ಹಕ್ಕಿಗಳಿಗೆ ಇನ್ನೊಂದು ಊಟದ ಮನೆ. ಹಾಗಾಗಿ ಪೂರ್ತಿ ಶೀಟ್ ಹೊದಿಸಿ, ನಾಲ್ಕೂ ಬದಿಗೆ ಬಲೆ ಕಟ್ಟಿಸಿದೆವು. ಗಾಡಿ ಒಳಗೆ ಹೋಗಿ ಬಾಗಿಲು ಹಾಕಿದ ಮೇಲೇ ಕಸ ಸುರಿಯಬೇಕು. ಕೋಳಿ ತ್ಯಾಜ್ಯಕ್ಕೆ ಮುಚ್ಚಳದ ಡ್ರಮ್ಮು, ಬೇರೆ ಗಾಡಿ, ಭಾನುವಾರ ರಾತ್ರಿಯೇ ಸಂಗ್ರಹ.

ಹೊಸ ಜಾಗದ ಸುತ್ತ ಮನೆ ಕಟ್ಟದಂತೆ ಬಿಡುವ ಬಫರ್ ವಲಯವನ್ನು ಮಾಸ್ಟರ್ ಪ್ಲಾನ್‌ನಲ್ಲಿ ಗುರುತು ಮಾಡಿಸುವುದಕ್ಕೆ ಇನ್ನಷ್ಟು ತಿಂಗಳು ಹಿಡಿಯಿತು. ಹಾಗೆ ಗುರುತು ಮಾಡಿಸದಿದ್ದರೆ ಹತ್ತು ವರ್ಷದಲ್ಲಿ ಗೇಟಿನ ತನಕ ಲೇಔಟ್ ಬಂದುಬಿಡುತ್ತದೆ.

ಹಳೇ ಗುಡ್ಡೆಯನ್ನು ಜರಡಿ ಹಿಡಿದು ಬೇರ್ಪಡಿಸುವ ಕೆಲಸ ಇನ್ನೂ ನಡೆಯುತ್ತಿದೆ. ಸೋಮವಾರ ಬೆಳಿಗ್ಗೆ ಈಗಲೂ ಅಲ್ಲಿಗೆ ಹೋಗುತ್ತೇನೆ. ಹೋದ ವಾರ ಕಂಬದ ಮೇಲೆ ನಾಲ್ಕು ಹದ್ದು ಇದ್ದವು.